ಎಷ್ಟು ತಿರುಗಬೇಕು, ಎಷ್ಟು ಉಳಿಯಿತು

ಶನಿವಾರದಿಂದ ಒಂದೇ ದೃಶ್ಯ ಕಣ್ಣ ಮುಂದೆ ಸುಳಿಯುತ್ತಿದೆ. ಎಂಟನೆಯ ತರಗತಿಯ ಹುಡುಗಿಯೊಬ್ಬಳು ಎರಡು ಬೆಂಚುಗಳ ನಡುವಿನ ಜಾಗದಲ್ಲಿ ನಾಲ್ಕು ಹೆಜ್ಜೆ ನಡೆದು, ನಿಂತು, ಬಲಕ್ಕೆ ತಿರುಗಿ, ತನ್ನ ಪಾದಗಳನ್ನು ತಾನೇ ಬಗ್ಗಿ ನೋಡಿಕೊಳ್ಳುತ್ತಿದ್ದಾಳೆ. ಅದೇ ಹೊತ್ತಿಗೆ ನಾನು ಮಾನಿಟರಿನ ಹಿಂದೆ ತಲೆ ತೂರಿಸಿ, ಯಂತ್ರವನ್ನು ಆರಿಸಿ ಮತ್ತೆ ಹಚ್ಚಲು ವಯರು ಹುಡುಕುತ್ತಿದ್ದೆ. 22 ವರ್ಷ ಸಾಫ್ಟ್‌ವೇರ್ ಬರೆದವನು ನಾನು.

ಮಾಗಡಿ ಕಡೆಯ ಆ ಸರ್ಕಾರಿ ಪ್ರೌಢಶಾಲೆಗೆ ತಿಂಗಳಿಗೆ ಎರಡು ಶನಿವಾರ ಹೋಗುತ್ತೇನೆ. ಬೆಳಗಿನ ಶಾಲೆ. ಕೋಣೆಯ ಬೀಗದ ಕೈ ಮುಖ್ಯೋಪಾಧ್ಯಾಯರ ಬಳಿ ಇರುವುದರಿಂದ ಮೊದಲ ಅರ್ಧ ಗಂಟೆ ಬಾಗಿಲ ಮುಂದೆಯೇ ಕಳೆಯುತ್ತದೆ. ಒಳಗೆ ಐದು ರಾಸ್‌ಬೆರಿ ಪೈ. ಎಟಿಎಂ ಕಾರ್ಡಿನಷ್ಟು ಅಗಲದ ಕಂಪ್ಯೂಟರುಗಳು. ಮಾನಿಟರುಗಳು ಯಾವುದೋ ಕಚೇರಿ ಬೇಡವೆಂದು ಕೊಟ್ಟವು, ಹಳೆಯ ವಿಜಿಎ ತೂತಿನವು. ಎರಡಕ್ಕೂ ಗಂಟು ಹಾಕುವ ಪುಟ್ಟ ಕನ್ವರ್ಟರು ಕೈಕೊಟ್ಟರೆ ಆ ದಿನ ನಾಲ್ಕೇ ಯಂತ್ರ. ಇವುಗಳೊಳಗೆ ಗಡಿಯಾರದ ಬ್ಯಾಟರಿ ಇಲ್ಲ. ಇಂಟರ್ನೆಟ್ಟೂ ಇಲ್ಲದ ಆ ಕೋಣೆಯಲ್ಲಿ ಹೋದ ಸಲ ಆರಿಸಿದ ಶನಿವಾರವೇ ಅವುಗಳ ಪಾಲಿಗೆ ಮುಂದುವರಿಯುತ್ತದೆ. ಮಕ್ಕಳಿಗೆ ಇದೊಂದು ದೊಡ್ಡ ತಮಾಷೆ.

ಮಕ್ಕಳು 31. ಒಂದು ಯಂತ್ರಕ್ಕೆ ಆರು ಮಂದಿ, ಒಂದಕ್ಕೆ ಏಳು. ಅಂದು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಆಮೆಯಿಂದ, ಅಂದರೆ ಹೇಳಿದಂತೆ ನಡೆದು ತೆರೆಯ ಮೇಲೆ ಗೆರೆ ಎಳೆಯುವ ಗುರುತಿನಿಂದ, ಸಮಬಾಹು ತ್ರಿಭುಜ ಬಿಡಿಸಬೇಕಿತ್ತು. ಫಾರ್ವರ್ಡ್ 100, ರೈಟ್ 60, ಹೀಗೆ ಮೂರು ಸಲ ಎಂದು ಬರೆದರು. ತೆರೆಯ ಮೇಲೆ ಬಂದದ್ದು ತ್ರಿಭುಜವಲ್ಲ, ಲಾಳದ ಹಾಗೆ ಬಾಯಿ ತೆರೆದುಕೊಂಡ ಮೂರು ಗೆರೆ.

ಗಣಿತದ ಮೇಷ್ಟ್ರು ಬಾಗಿಲಲ್ಲಿ ನಿಂತಿದ್ದರು. ಅವರು ಒಳಗೆ ಬರುವುದಿಲ್ಲ, ಹೊಸ್ತಿಲಲ್ಲೇ ನಿಲ್ಲುತ್ತಾರೆ. ಅವರ ಬಗ್ಗೆ ಹಗುರವಾಗಿ ಬರೆಯಲಾರೆ. ಹತ್ತನೆಯ ತರಗತಿಯವರನ್ನು ಸಂಜೆ ಉಳಿಸಿಕೊಂಡು ಬಿಡಿಕಾಸು ಪಡೆಯದೆ ಪಾಠ ಹೇಳುವ ಮನುಷ್ಯ. ಆದರೆ ಕಂಪ್ಯೂಟರೆಂದರೆ ಅಳುಕು, ಆ ಅಳುಕಿಗೆ ವ್ಯಂಗ್ಯದ ಅಂಗಿ. ‘ಸಮಬಾಹು ತ್ರಿಭುಜದ ಕೋನ 60. ಹುಡುಗರು 60 ಎಂದೇ ಕೊಟ್ಟಿದ್ದಾರೆ. ಐದು ಸಾವಿರದ ಕಂಪ್ಯೂಟರ್ ಅಲ್ಲವೇ, ಇನ್ನೇನು ಬರುತ್ತದೆ ಬಿಡಿ’ ಎಂದರು. ನಾನು ಪ್ರೋಗ್ರಾಮ್ ನೋಡಿದೆ. 60, 60, 60. ಸರಿಯಾಗಿಯೇ ಇದೆ ಎನ್ನಿಸಿತು. ವಯರಿಗೆ ಕೈ ಹಾಕಿದೆ.

ಆಗ ಹಿಂದಿನಿಂದ ಆ ಹುಡುಗಿ: ‘ಸರ್, ಅದು ಸರಿಯಾಗಿಯೇ ಮಾಡಿದೆ. ಎಷ್ಟು ತಿರುಗಬೇಕು ಎಂದು ಹೇಳಬೇಕಿತ್ತು. ನಾವು ಎಷ್ಟು ಉಳಿಯಿತು ಎಂದು ಹೇಳಿಬಿಟ್ಟೆವು.’

ತುದಿಗೆ ಬಂದ ಆಮೆ ಇನ್ನೂ ನೇರಕ್ಕೆ ಮುಖ ಮಾಡಿರುತ್ತದೆ. ಅದು 120 ಡಿಗ್ರಿ ಹೊರಳಿದರೆ ಮಾತ್ರ ಎರಡು ಗೆರೆಗಳ ನಡುವೆ 60 ಉಳಿಯುತ್ತದೆ. ಈ 120 ಅವಳಿಗೆ ಸಿಕ್ಕಿದ್ದು ಕೀಲಿಮಣೆಯಲ್ಲಲ್ಲ, ತಾನೇ ಆಮೆಯಾಗಿ ನಡೆದು. ಅವಳು ತನ್ನ ಗುಂಪಿನ ಆರನೆಯವಳು, ಸರದಿ ಬಂದಿರಲಿಲ್ಲ. ಯಂತ್ರ ಕಡಿಮೆಯಿದ್ದರೆ ಮಕ್ಕಳು ಹೆಚ್ಚು ಯೋಚಿಸುತ್ತಾರೆ ಎಂದು ಯಾರಾದರೂ ಇದರಿಂದ ನೀತಿ ಹಿಂಡಿದರೆ ನನಗೆ ಸಿಟ್ಟು ಬರುತ್ತದೆ. ಅಂಥವರ ಮಕ್ಕಳಿಗೆ ತಲಾ ಒಂದು ಲ್ಯಾಪ್‌ಟಾಪ್ ಇರುತ್ತದೆ.

ನಾಚಿಕೆಯ ಸಂಗತಿ ಬೇರೆಯೇ ಇದೆ. 1967ರಲ್ಲಿ ಮಕ್ಕಳಿಗಾಗಿ ಲೋಗೋ ಎಂಬ ಪ್ರೋಗ್ರಾಮಿಂಗ್ ಭಾಷೆ ರೂಪಿಸಿದವರಲ್ಲಿ ಒಬ್ಬರಾದ ಸೀಮೋರ್ ಪ್ಯಾಪರ್ಟ್ ಹೇಳಿದ್ದೂ ಇದನ್ನೇ: ತೋಚದಿದ್ದರೆ ನೀವೇ ಆಮೆಯಾಗಿ ನಡೆದು ನೋಡಿ. ಅದನ್ನು ನಾನು ಓದಿದ್ದೆ, ಗೆಳೆಯರ ಮುಂದೆ ಭಾಷಣವನ್ನೂ ಬಿಗಿದಿದ್ದೆ. ಕಂಪ್ಯೂಟೇಶನಲ್ ಥಿಂಕಿಂಗ್ ಎಂದು ದೊಡ್ಡ ಅಕ್ಷರದಲ್ಲಿ ಬರೆದ ಚಾರ್ಟು ಆ ಕೋಣೆಯ ಗೋಡೆಯಲ್ಲಿದೆ, ತಂದು ಅಂಟಿಸಿದವನು ನಾನೇ. ಸಮಸ್ಯೆಯನ್ನು ಒಡೆಯಿರಿ, ಮಾದರಿ ಗುರುತಿಸಿ, ಹೀಗೆ. ಹುಡುಗಿ ಅದಕ್ಕೆ ಬೆನ್ನು ಹಾಕಿ ನಡೆಯುತ್ತಿದ್ದಳು.

ಮನೆಗೆ ಬರುವಾಗ ಬಸ್ಸಿನಲ್ಲಿ ‘ಐದು ಸಾವಿರದ ಕಂಪ್ಯೂಟರ್’ ಎಂಬ ಮಾತು ಕಚ್ಚಿಕೊಂಡೇ ಬಂತು. ಕಂಪನಿಯಲ್ಲಿ ಕೋಟಿ ಬೆಲೆಯ ಸರ್ವರು ತಪ್ಪು ಉತ್ತರ ಕೊಟ್ಟಾಗ ನಾವು ಮೊದಲು ನೋಡುತ್ತಿದ್ದುದು ನಮ್ಮ ಕೋಡನ್ನು. ಯಂತ್ರವನ್ನು ಅನುಮಾನಿಸುವ ಧೈರ್ಯ ಯಾರಿಗಿತ್ತು? ಪೈ ತಪ್ಪಿದಂತೆ ಕಂಡೊಡನೆ ಮಾತ್ರ ಕೈ ನೇರವಾಗಿ ವಯರಿಗೆ ಹೋಯಿತು. 2000ದ ಆಚೀಚೆ ಬೆಂಗಳೂರಿನಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಇಂಜಿನಿಯರುಗಳೂ ಸೇರಿ ಸಿಂಪ್ಯೂಟರ್ ಎಂಬ ಅಗ್ಗದ ಕೈಯಂತ್ರ ಮಾಡಿದಾಗ, ಕ್ಯಾಂಟೀನಿನಲ್ಲಿ ಕುಳಿತು ನಕ್ಕವರಲ್ಲಿ ನಾನೂ ಒಬ್ಬ. 2012ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಿಂದ 35 ಡಾಲರಿನ ಪೈ ಬಂದಾಗ ಮಾತ್ರ ಆಹಾ ಎಂದೆ. ಅಗ್ಗದ್ದು ಪರದೇಶದ್ದಾದರೆ ಗೌರವ. ಇನ್ನು ಆ ಹುಡುಗಿ ಏನಾದರೂ ತಪ್ಪು ಹೇಳಿದ್ದರೆ? ಸರ್ಕಾರಿ ಶಾಲೆಯ ಮಕ್ಕಳು ಪಾಪ, ಅಷ್ಟೇ ಎಂದು ಮನಸ್ಸು ಸಮಾಧಾನ ಮಾಡಿಕೊಳ್ಳುತ್ತಿತ್ತು. ಸರಿ ಹೇಳಿದಾಗಲೂ ನನಗೆ ಮೊದಲು ಆದದ್ದು ಆಶ್ಚರ್ಯ. ಆ ಆಶ್ಚರ್ಯವನ್ನು ಎಷ್ಟು ತಿರುವಿ ಹಾಕಿ ನೋಡಿದರೂ ಅದರಲ್ಲಿ ಹೆಮ್ಮೆಪಡುವಂಥದ್ದೇನೂ ಕಾಣಲಿಲ್ಲ.

ರಾತ್ರಿ ಎನ್‌ಸಿಇಆರ್‌ಟಿಯ ಎಂಟನೆಯ ತರಗತಿಯ ಹಳೆಯ ಗಣಿತ ಪುಸ್ತಕ ತೆಗೆದೆ. ಚತುರ್ಭುಜಗಳ ಪಾಠದಲ್ಲಿ ಬಹುಭುಜಾಕೃತಿಯ ಬಾಹ್ಯಕೋನಗಳ, ಅಂದರೆ ಪ್ರತಿ ಮೂಲೆಯಲ್ಲಿ ತಿರುಗಬೇಕಾದ ಕೋನಗಳ, ಮೊತ್ತ 360 ಡಿಗ್ರಿ ಎಂದು ತೋರಿಸಲು ಒಂದು ಚಟುವಟಿಕೆ ಇದೆ: ನೆಲದ ಮೇಲೆ ಸೀಮೆಸುಣ್ಣದಿಂದ ಆಕೃತಿ ಬರೆದು ಅದರ ಸುತ್ತ ನಡೆಯಿರಿ. ಪರೀಕ್ಷೆಯಲ್ಲಿ ನಡೆಯಲು ಯಾರೂ ಹೇಳುವುದಿಲ್ಲವಲ್ಲ.

ಅಂದು ಕೋಣೆಯಲ್ಲಿ ಇದನ್ನೇ ಇನ್ನೊಬ್ಬ ಹುಡುಗ ತಲುಪಿದ್ದ. ಮೂರಕ್ಕೆ 120, ನಾಲ್ಕಕ್ಕೆ 90, ಹಾಗಾದರೆ ಐದಕ್ಕೆ 72 ಎಂದ. ಆಮೆ ಪಂಚಭುಜವನ್ನು ತಪ್ಪಿಲ್ಲದೆ ಮುಚ್ಚಿತು. ಆರು, 60. ಲಾಳ ಮಾಡಿದ್ದ ಅದೇ 60 ಈಗ ಅಚ್ಚುಕಟ್ಟಾದ ಷಡ್ಭುಜ! ಮೇಷ್ಟ್ರು ಯಾವಾಗ ಹೊಸ್ತಿಲು ದಾಟಿದರೋ ನಾನು ಗಮನಿಸಲಿಲ್ಲ. ನೋಡಿದರೆ ಕೀಲಿಮಣೆಯ ಪಕ್ಕದಲ್ಲೇ ನಿಂತು ‘ಏಳು?’ ಎಂದು ಕೇಳುತ್ತಿದ್ದಾರೆ. ಏಳರಿಂದ 360 ಭಾಗವಾಗುವುದಿಲ್ಲ. ಯಾರೋ 51 ಎಂದು ಕೊಟ್ಟರು. ಕೊನೆಯ ಗೆರೆ ಮೊದಲ ಗೆರೆಯನ್ನು ಮುಟ್ಟದೆ ನಿಂತಿತು. ಅಷ್ಟರಲ್ಲಿ ಕರೆಂಟು ಹೋಯಿತು.

ಮಂಗಳವಾರ ಸಂಜೆ ಮೇಷ್ಟ್ರು ಫೋನ್ ಮಾಡಿದರು. ನನಗೆ ಅವರು ಫೋನ್ ಮಾಡಿದ್ದು ಇದೇ ಮೊದಲು.

‘ಆ ಏಳು ಭುಜದ್ದನ್ನು ಕಾಗದದ ಮೇಲೆ ಕೋನಮಾಪಕ ಇಟ್ಟು ಮಾಡಿದೆ. ಮುಚ್ಚುತ್ತಿಲ್ಲ. 51.42 ಎಂದರೂ ಸ್ವಲ್ಪ ಉಳಿಯುತ್ತದೆ, ಅಲ್ಲವೇ?’

‘ಉಳಿಯುತ್ತದೆ ಸರ್.’

ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಯಂತ್ರಕ್ಕೆ ಉತ್ತರ ಕೊಡುವ ಬದಲು ಲೆಕ್ಕವನ್ನೇ ಕೊಟ್ಟರೆ? 360 ಭಾಗಿಸು 7 ಎಂದು ಬರೆದುಬಿಟ್ಟರೆ ಅದೇ ಮಾಡಿಕೊಳ್ಳುವುದೇ?’

ಮಾಡಿಕೊಳ್ಳುತ್ತದೆ ಎಂದೆ.

‘ಹಾಗಾದರೆ ಬರುವ ಸಲ ಸ್ವಲ್ಪ ಬೇಗ ಬನ್ನಿ. ಬೀಗದ ಕೈ ನಾನೇ ತೆಗೆದುಕೊಂಡು ಇಟ್ಟಿರುತ್ತೇನೆ.’