ಮೀಟರ್ ಹಿಡಿದು ಆಂಪ್ ಆರಿಸಿದ ಭಾನುವಾರ

ಮೂರನೇ ಸಲವೂ ಹಾಡು ಅದೇ ಜಾಗದಲ್ಲಿ ನಿಂತುಹೋಯಿತು. ಡ್ರಮ್ ಜೋರಾಗಿ ಬೀಳುವ ಹೊತ್ತಿಗೆ ಸರಿಯಾಗಿ ರಿಸೀವರ್ (ಆಂಪ್ಲಿಫೈಯರ್ ಒಳಗೇ ಇರುವ ಡಬ್ಬಿ) ಒಳಗಿಂದ ಟಕ್ ಅಂತ ಸ್ಪೀಕರ್ ಸಂಪರ್ಕ ಕಡಿಯುವ ರಿಲೇ ಸದ್ದು, ಆಮೇಲೆ ಕೋಣೆಯೆಲ್ಲ ಸುಮ್ಮನೆ. ವರ್ಷಗಟ್ಟಲೆ ದುಡ್ಡು ಕೂಡಿಟ್ಟು ತಂದ ಸ್ಪೀಕರ್‌ಗಳು ಎದುರಿಗೇ ನಿಂತಿದ್ದವು. ಅವಕ್ಕೆ ತಕ್ಕ ಆಂಪ್ಲಿಫೈಯರ್ (ಆಂಪ್) ಕೊಳ್ಳಲು ನನ್ನ ಹತ್ತಿರ ಉಳಿದಿದ್ದು ತುಂಬಾ ಕಡಿಮೆ.

ರಿಸೀವರ್ ಮೇಲೆ 100 ವ್ಯಾಟ್ ಅಂತ ಬರೆದಿತ್ತು. ಅಷ್ಟು ಸಾಲದಾ ಅನ್ನಿಸಿ ಕೈಪಿಡಿ ತೆಗೆದು ಸಣ್ಣ ಅಕ್ಷರ ಓದಿದೆ. ಆ 100 ವ್ಯಾಟ್ ಸಿಗುವುದು 6 ಓಮ್‌ಗೆ (ಓಮ್ ಅಂದರೆ ಸ್ಪೀಕರ್ ಕರೆಂಟ್‌ಗೆ ಒಡ್ಡುವ ತಡೆಯ ಅಳತೆ, ತಡೆ ಕಡಿಮೆಯಾದಷ್ಟೂ ಆಂಪ್ ಜಾಸ್ತಿ ಕರೆಂಟ್ ಕೊಡಬೇಕು), ಒಂದೇ ಚಾನೆಲ್ (ಎಡ ಅಥವಾ ಬಲದ ಒಂದೇ ಸ್ಪೀಕರ್) ನಡೆಸಿದಾಗ, ಅದೂ 10% ಡಿಸ್ಟಾರ್ಷನ್ ಒಪ್ಪಿಕೊಂಡರೆ. 10% ಅಂದರೆ ಹಾಡು ಒಡೆದು ಕೇಳಿಸುವ ಮಟ್ಟ. ಹಿಂದಿನ ಪ್ಯಾನೆಲ್‌ನಲ್ಲಿ 6ರಿಂದ 16 ಓಮ್ ಅಂತ ಅಚ್ಚಾಗಿತ್ತು. ನನ್ನ ಸ್ಪೀಕರ್ ಮೇಲೆ 8 ಓಮ್ ಅಂತ ಇದ್ದುದರಿಂದ ಇಷ್ಟು ದಿನ ಅನುಮಾನವೇ ಬಂದಿರಲಿಲ್ಲ. ಆದರೆ 8 ಅನ್ನುವುದು ಒಂದು ಅಂದಾಜು, ಅಷ್ಟೇ. ಅಳತೆಯ ಗ್ರಾಫ್ ಹುಡುಕಿ ನೋಡಿದರೆ ತಗ್ಗು ಸ್ವರದ ಬೇಸ್ ಇರುವ ಕಡೆ ಆ ತಡೆ, ಅಂದರೆ ಇಂಪೀಡೆನ್ಸ್, 3.2 ಓಮ್‌ಗೆ ಇಳಿಯುತ್ತಿತ್ತು. ಸೆನ್ಸಿಟಿವಿಟಿ (ಕೊಟ್ಟ ಪವರ್‌ಗೆ ಎಷ್ಟು ಜೋರು ಅನ್ನುವುದು) ಬೇರೆ 85 ಡಿಬಿ (ಡೆಸಿಬೆಲ್, ಸದ್ದಿನ ಅಳತೆ), ಅಂದರೆ ಜಾಸ್ತಿ ಪವರ್ ಕೇಳುವ ಸ್ಪೀಕರ್.

ಹಾಗಾದರೆ 200 ವ್ಯಾಟ್ ತರೋಣ ಅಂತ ಮೊದಲು ಅನ್ನಿಸಿತು. ಗೆಳೆಯ ತಡೆದ. 'ವ್ಯಾಟ್ ಎರಡು ಪಟ್ಟಾದ್ರೆ ಸಿಗೋದು 3 ಡಿಬಿ ಮಾತ್ರ ಕಣೋ. ಕಿವಿಗೆ ಎರಡರಷ್ಟು ಜೋರು ಅನ್ನಿಸಬೇಕು ಅಂದ್ರೆ ಹತ್ತು ಪಟ್ಟು ಬೇಕು. ಮೊದಲು ನಿನಗೆ ಎಷ್ಟು ಬೇಕು ಅಂತ ಅಳೆದು ನೋಡು' ಅಂದ.

ಅಳೆಯುವುದು ಇಷ್ಟು ಸುಲಭ ಅಂತ ನನಗೆ ಯಾರೂ ಹೇಳಿರಲಿಲ್ಲ! ನಾನು ಎಂದಾದರೂ ಕೇಳುವಷ್ಟು ಜೋರಿಗೆ ವಾಲ್ಯೂಮ್ ಇಟ್ಟು, ಆ ಗುಬುಟು ಮತ್ತೆ ಮುಟ್ಟದೆ, ರಿಸೀವರ್ ಆಫ್ ಮಾಡಿ ಸ್ಪೀಕರ್ ವೈರ್ ಬಿಚ್ಚಿದೆವು. ಆಮೇಲೆ ಮತ್ತೆ ಆನ್ ಮಾಡಿ 120 ಹರ್ಟ್ಜ್‌ನ ಒಂದು ಟೋನ್ ಹಾಕಿದೆವು, ರೆಕಾರ್ಡಿಂಗ್‌ನಲ್ಲಿ ಹಿಡಿಸುವ ಗರಿಷ್ಠ ಮಟ್ಟಕ್ಕಿಂತ 12 ಡಿಬಿ ಕೆಳಗಿರುವುದು. ಮಲ್ಟಿಮೀಟರನ್ನು ಎಸಿ ವೋಲ್ಟ್‌ಗೆ ತಿರುಗಿಸಿ, ಕಡ್ಡಿಗಳು ಒಂದಕ್ಕೊಂದು ತಾಗದಂತೆ ಹುಷಾರಾಗಿ ರಿಸೀವರ್‌ನ ಸ್ಪೀಕರ್ ಟರ್ಮಿನಲ್‌ಗೆ ಹಿಡಿದರೆ 4.2 ವೋಲ್ಟ್ ತೋರಿಸಿತು. 12 ಡಿಬಿ ಅಂದರೆ ವೋಲ್ಟೇಜ್‌ನಲ್ಲಿ ನಾಲ್ಕು ಪಟ್ಟು, ಹಾಗಾಗಿ ಹಾಡಿನ ಅತಿ ಜೋರಾದ ಕ್ಷಣಕ್ಕೆ ಬೇಕಾಗುವುದು 16.8 ವೋಲ್ಟ್. 8 ಓಮ್ ಅಂತ ಲೆಕ್ಕ ಹಾಕಿದರೆ ಅದು 35 ವ್ಯಾಟ್, 3.2 ಓಮ್‌ಗೆ ಹಾಕಿದರೆ 88. ಕರೆಂಟ್ 5 ಆಂಪಿಯರ್ ದಾಟುತ್ತದೆ. ರಿಸೀವರ್ ಸೋಲುತ್ತಿದ್ದುದು ಇಲ್ಲೇ. ನಾನು ಹುಡುಕಬೇಕಿದ್ದುದು ದೊಡ್ಡ ವ್ಯಾಟ್ ಅಲ್ಲ, 4 ಓಮ್‌ಗಿಂತ ಕೆಳಗೂ ಎರಡೂ ಚಾನೆಲ್‌ಗೆ ಕರೆಂಟ್ ಕೊಡುವ ಆಂಪ್.

ಗೆಳೆಯ ಎರಡು ಆಂಪ್ ತಂದಿದ್ದ. ಒಂದು ಹಳೆಯ ಕ್ಲಾಸ್ ಎಬಿ, ಸಾಂಪ್ರದಾಯಿಕ ಬಗೆಯದು, ಎತ್ತಲು ಇಬ್ಬರು ಬೇಕು. ಇನ್ನೊಂದು ಅಂಗೈ ಅಗಲದ ಕ್ಲಾಸ್ ಡಿ, ಅಂದರೆ ವೇಗವಾಗಿ ಆನ್-ಆಫ್ ಆಗುತ್ತಾ ಕೆಲಸ ಮಾಡುವ ಬಗೆ, ಒಳಗೆ ಟಿಪಿಎ3255 ಚಿಪ್. ಅದರ ಡಬ್ಬಿಯ ಮೇಲೆ ಚಾನೆಲ್‌ಗೆ 300 ವ್ಯಾಟ್ ಅಂತ ಇತ್ತು, ಆದರೆ ಜೊತೆಗಿದ್ದ ಅಡಾಪ್ಟರ್ 48 ವೋಲ್ಟ್, 5 ಆಂಪಿಯರ್. ಗುಣಿಸಿದರೆ ಒಟ್ಟು 240 ವ್ಯಾಟ್. ಇಲ್ಲದ ವ್ಯಾಟ್ ಎಲ್ಲಿಂದ ಬರಬೇಕು ಹೇಳಿ? ಇಂಥ ಆಂಪ್ ಕೊಳ್ಳುವವರು ಮೊದಲು ಅಡಾಪ್ಟರ್ ಮೇಲಿನ ಚೀಟಿ ಓದಬೇಕು. ಹಾಗಿದ್ದರೂ ನನ್ನ 88ರ ಲೆಕ್ಕಕ್ಕೆ, ಎರಡೂ ಚಾನೆಲ್ ಸೇರಿದರೂ, ಅದು ಸಾಕಾಗುತ್ತಿತ್ತು.

ಕೇಳಿ ಹೋಲಿಸುವ ಮೊದಲು ಎರಡರ ವೋಲ್ಟೇಜನ್ನೂ ಮೀಟರ್ ಹಿಡಿದು ಸಮ ಮಾಡಿದೆವು. ಒಂದು ಸ್ವಲ್ಪವೇ ಜೋರಿದ್ದರೂ ಅದೇ ಚೆನ್ನಾಗಿದೆ ಅಂತ ಕಿವಿ ಒಪ್ಪಿಬಿಡುತ್ತದೆ, 2.83 ವೋಲ್ಟ್ ಒಂದರಲ್ಲಿದ್ದರೆ ಇನ್ನೊಂದರಲ್ಲಿ 2.86ರ ಒಳಗೇ ಇರಬೇಕು. ಆಮೇಲೆ ನಾನು ಆಂಪ್‌ಗಳಿಗೆ ಬೆನ್ನು ಹಾಕಿ ಕುಳಿತೆ, ಅವನು ಹೇಳದೆ ಬದಲಾಯಿಸುತ್ತಾ ಹೋದ. ಹನ್ನೆರಡು ಸಲದಲ್ಲಿ ಏಳು ಸಲ ಸರಿ ಹೇಳಿದೆ. ನಾಣ್ಯ ಚಿಮ್ಮಿದ್ದರೂ ಅಷ್ಟು ಬರುತ್ತಿತ್ತು. ಶುರು ಮಾಡುವಾಗ ಭಾರದ ಆಂಪೇ ಗೆಲ್ಲುತ್ತೆ ಅಂತ ನನಗೆ ಪೂರ್ತಿ ನಂಬಿಕೆ ಇತ್ತು, ಅದಕ್ಕೇ ಈ ಫಲಿತಾಂಶ ಒಪ್ಪಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು.

ಕೊನೆಗೆ ಅದೇ ಚಿಪ್‌ನ ಆಂಪ್ ತಂದೆ, ಒಂದು ವಿಷಯ ಮಾತ್ರ ಹಟ ಹಿಡಿದು ನೋಡಿ. ಕ್ಲಾಸ್ ಡಿಯಲ್ಲಿ ಫೀಡ್‌ಬ್ಯಾಕನ್ನು (ಆಂಪ್ ತನ್ನ ತಪ್ಪು ತಿದ್ದಿಕೊಳ್ಳಲು ವಾಪಸ್ ನೋಡುವ ಸಿಗ್ನಲ್) ಆನ್-ಆಫ್ ಸದ್ದನ್ನು ಸೋಸುವ ಔಟ್‌ಪುಟ್ ಫಿಲ್ಟರ್‌ಗಿಂತ ಮೊದಲೇ ತೆಗೆದುಕೊಂಡರೆ, ಸ್ಪೀಕರ್ ಬದಲಾದಂತೆ ಟ್ರೆಬಲ್ (ಎತ್ತರದ ಸ್ವರ) ಕೂಡ ಏರುಪೇರಾಗುತ್ತದೆ. ಫಿಲ್ಟರ್ ಆದಮೇಲೆ ತೆಗೆದುಕೊಳ್ಳುವ ವಿನ್ಯಾಸ ಬೇಕು ಅಂತ ಹುಡುಕಿದೆ, ಸಿಕ್ಕಿತು.

ತಂದ ರಾತ್ರಿ ಮೊದಲು ಹಾಕಿದ್ದು ಆ ಡ್ರಮ್ ಇರುವ ಹಾಡನ್ನೇ. ಆ ಜಾಗ ಹತ್ತಿರ ಬಂದಂತೆ ಉಸಿರು ಬಿಗಿಹಿಡಿದು ಕುಳಿತೆ. ಪೆಟ್ಟು ಬಿತ್ತು, ಎದೆಗೆ ತಾಗಿತು, ಅದರ ಹಿಂದೆಯೇ ಇನ್ನೊಂದು ಬಿತ್ತು. ಇಷ್ಟು ದಿನ ನಾನು ಕೇಳಿಯೇ ಇರದ ಎರಡನೇ ಪೆಟ್ಟು.