ಇನ್‌ಸ್ಪಿಸೇಟರ್ ಅಂದ್ರೇನು ಮೇಡಂ?

ಲ್ಯಾಬಿಗೆ ಹೊಸದಾಗಿ ಸೇರಿದ ಹುಡುಗಿ ಇವತ್ತು ಕೇಳಿದ ಪ್ರಶ್ನೆ. ಕೇಳಬೇಕಾದ್ದೇ. ಬ್ಯಾಕ್ಟೀರಿಯಾ ಬೆಳೆಸುವ ಮಾಧ್ಯಮವನ್ನು, ಅಂದರೆ ಅವುಗಳ ಆಹಾರವನ್ನು, ಹದವಾದ ಶಾಖದಲ್ಲಿ ಗಟ್ಟಿ ಮಾಡುವ ಪೆಟ್ಟಿಗೆ ಅದು.

ಲ್ಯಾಟಿನ್ನಿನಲ್ಲಿ ಸ್ಪಿಸಸ್ ಅಂದರೆ ಗಟ್ಟಿ, ದಟ್ಟ. ಅದರಿಂದ ಇನ್‌ಸ್ಪಿಸಾರೆ, ಗಟ್ಟಿಯಾಗಿಸು. ಇಟಾಲಿಯನ್ನಿನ ಸ್ಪೆಸ್ಸೊ, ಫ್ರೆಂಚಿನ ಎಪೆ, ಎಲ್ಲ ಅದೇ ಬೇರಿನವು. ಇಂಗ್ಲಿಷಿನಲ್ಲಿ ಈ ಪದ ಈಗ ಹೆಚ್ಚಾಗಿ ಉಳಿದಿರೋದು ವೈದ್ಯಕೀಯದಲ್ಲಿ: ಗಟ್ಟಿಯಾದ ಕಫ, ಗಟ್ಟಿಯಾದ ಪಿತ್ತರಸ, ಮತ್ತೆ ನಮ್ಮ ಈ ಪೆಟ್ಟಿಗೆ.

ಕ್ಷಯದ ಬ್ಯಾಕ್ಟೀರಿಯಾ ಬೆಳೆಸುವ ಲೋವೆನ್‌ಸ್ಟೈನ್-ಜೆನ್ಸನ್ ಮಾಧ್ಯಮದಲ್ಲಿ ಅಗರ್ (ಕಡಲಪಾಚಿಯಿಂದ ತೆಗೆದ, ಗಟ್ಟಿಯಾಗಿಸುವ ಪದಾರ್ಥ) ಇಲ್ಲ. ಅದನ್ನು ಗಟ್ಟಿ ಮಾಡೋದು ಮೊಟ್ಟೆ.

1000 ಮಿ.ಲೀ. ಕಲಕಿದ ಮೊಟ್ಟೆಗೆ 600 ಮಿ.ಲೀ. ಲವಣದ ದ್ರಾವಣ, 20 ಮಿ.ಲೀ. ಶೇ. 2ರ ಮಲಕೈಟ್ ಗ್ರೀನ್ ಎಂಬ ಹಸಿರು ಬಣ್ಣದ ದ್ರಾವಣ. ಒಂದೊಂದು ಬಾಟಲಿಗೆ 6ರಿಂದ 8 ಮಿ.ಲೀ. ಹಾಕಿ, ಮುಚ್ಚಳ ಬಿಗಿದು, ಓರೆಯಾಗಿ ಮಲಗಿಸಿ.

ತುಂಬಿದ ಮೇಲೆ 15 ನಿಮಿಷದೊಳಗೆ ಒಳಗಿಡಿ. ತಡವಾದರೆ ಭಾರದ ಅಂಶ ತಳಕ್ಕೆ ಕೂರುತ್ತೆ.

ಪೆಟ್ಟಿಗೆ ಮೊದಲೇ 80 ಡಿಗ್ರಿಗೆ ಕಾದಿರಲಿ. ಆಮೇಲೆ 85 ಡಿಗ್ರಿ, 45 ನಿಮಿಷ. ಇಷ್ಟೇ. ಆಟೋಕ್ಲೇವ್‌ಗೆ (ಒತ್ತಡದ ಹಬೆಯಲ್ಲಿ ಕಾಯಿಸುವ ಯಂತ್ರ) ಮಾತ್ರ ಹಾಕಬೇಡಿ ದಯವಿಟ್ಟು!

ಶಾಖ ಹೆಚ್ಚಾದರೆ ಮೇಲ್ಮೈಯಲ್ಲಿ ಸಣ್ಣ ತೂತು, ಗುಳ್ಳೆ. ಬಣ್ಣವೂ ಕೆಡುತ್ತೆ. ಅಂಥ ಬಾಟಲಿ ಇಟ್ಟುಕೊಳ್ಳೋದು ಬೇಡ, ಅದರಲ್ಲಿ ಹಾಕಿ ಹಾಳು ಮಾಡಿದರೆ ರೋಗಿಯ ಕಫದ ಮಾದರಿ ಮತ್ತೆ ಮತ್ತೆ ಸಿಗಲ್ಲ. ಕಡಿಮೆಯಾಯ್ತು ಅಂತ ಎರಡನೇ ಸಲ ಕಾಯಿಸೋದೂ ಬೇಡ.

85 ಡಿಗ್ರಿಗೆ ಬೀಜಕಗಳು (ಕೆಲವು ಬ್ಯಾಕ್ಟೀರಿಯಾಗಳ ಶಾಖ ತಡೆಯುವ ರೂಪ) ಸಾಯೋದಿಲ್ಲ. ಅದಕ್ಕೇ ಮೊಟ್ಟೆಯ ಚಿಪ್ಪನ್ನು ಸೋಪಿನಿಂದ ಉಜ್ಜಿ, ಶೇ. 70ರ ಆಲ್ಕೋಹಾಲಿನಲ್ಲಿ 15 ನಿಮಿಷ ನೆನೆಸಿಯೇ ಒಡೆಯೋದು. ತಯಾರಾದ ಬಾಟಲಿಗಳನ್ನು 37 ಡಿಗ್ರಿಯಲ್ಲಿ ಒಂದು ದಿನ ಇಟ್ಟು, ಏನೂ ಬೆಳೆದಿಲ್ಲ ಅಂತ ನೋಡಿಯೇ ಫ್ರಿಜ್ಜಿಗೆ.