ಮಳೆ ಬಂದ ಕೂಡಲೇ ಕರೆಂಟ್ ಯಾಕೆ ತೆಗೆಯುತ್ತೀರಿ?

ಮೂಡಿಗೆರೆ ಕಡೆ ಪವರ್‌ಮ್ಯಾನ್ ಆಗಿರುವ ನನಗೆ ಮದುವೆ ಮನೆಯಲ್ಲಿ, ಸಂತೆಯಲ್ಲಿ, ಬಸ್ಸಿನಲ್ಲಿ ಎದುರಾಗುವುದು ಒಂದೇ ಪ್ರಶ್ನೆ: "ಅಲ್ಲ ಅಣ್ಣಾ, ನಾಲ್ಕು ಹನಿ ಬಿದ್ದ ಕೂಡಲೇ ಕರೆಂಟ್ ತೆಗೆಯುತ್ತೀರಲ್ಲ, ಯಾಕೆ?" ಐದು ನಿಮಿಷಕ್ಕೆ ಮರಳಿ ಬಂದರೆ 'ಕರೆಂಟ್ ಹೋಗಿತ್ತು' ಎನ್ನುವವರೇ, ಎರಡು ಗಂಟೆ ಬಾರದಿದ್ದರೆ 'ತೆಗೆದಿದ್ದಾರೆ' ಎನ್ನುತ್ತಾರೆ. ಆ 'ತೆಗೆದಿದ್ದಾರೆ' ಎಂಬ ಮಾತು ನನಗೆ ನಿಜಕ್ಕೂ ನೋವು ಕೊಡುತ್ತದೆ.

ನಮ್ಮಲ್ಲಿ 11 ಕೆ.ವಿ. (11 ಸಾವಿರ ವೋಲ್ಟ್) ಲೈನು ಕಾಫಿ ತೋಟಗಳೊಳಗೇ ಹಾಯ್ದು ಹೋಗುತ್ತದೆ. ಅಕ್ಕಪಕ್ಕದಲ್ಲಿ ನೆರಳಿಗೂ ಮೆಣಸಿನ ಬಳ್ಳಿಗೂ ಎಂದು ನೆಟ್ಟ ಸಿಲ್ವರ್ ಓಕ್ ಮರಗಳು. ಗಾಳಿಗೆ ಅವುಗಳ ಕೊಂಬೆ ಬೇಗ ಮುರಿಯುತ್ತದೆ. ಒದ್ದೆ ಕೊಂಬೆ ತಂತಿಗೆ ತಾಗಿದರೆ ಕರೆಂಟ್ ಮರದ ಮೂಲಕ ನೆಲಕ್ಕೆ ಇಳಿಯುತ್ತದೆ. ಸಬ್‌ಸ್ಟೇಷನ್‌ನ ರಿಲೇ ಎಂಬ ಕಾವಲು ಸಾಧನ ಅದನ್ನು ಗುರುತಿಸಿ, ಬ್ರೇಕರ್ ಎಂಬ ದೊಡ್ಡ ಸ್ವಿಚ್ಚನ್ನು ಬೀಳಿಸಿ ಲೈನಿನ ಕರೆಂಟ್ ಕಡಿಯುತ್ತದೆ. ಅಲ್ಲಿ ಯಾರ ಕೈಯೂ ಇಲ್ಲ. ಏಪ್ರಿಲ್‌ನ ಮೊದಲ ಮಳೆಗಂತೂ, ಬೇಸಿಗೆಯಿಡೀ ಇನ್ಸುಲೇಟರ್ (ತಂತಿಯನ್ನು ಕಂಬಕ್ಕೆ ತಾಗದಂತೆ ಹಿಡಿದಿರುವ ಪಿಂಗಾಣಿ ತುಂಡು) ಮೇಲೆ ಕೂತ ಧೂಳು ಒದ್ದೆಯಾದರೂ ಸಾಕು, ಬ್ರೇಕರ್ ಬಿದ್ದು ಕರೆಂಟ್ ಹೋಗುತ್ತದೆ.

ತೊಂದರೆ ಆದದ್ದು ಎಲ್ಲಿ ಎಂದು ರಿಲೇ ಹೇಳುವುದಿಲ್ಲ. ಅದನ್ನು ಹುಡುಕಲು ನಾವು ನಡೆಯಬೇಕು. ಟಾರ್ಚ್ ಹಿಡಿದು, ಇಂಬಳ ಕಿತ್ತುಕೊಳ್ಳುತ್ತಾ, ಕಂಬದಿಂದ ಕಂಬಕ್ಕೆ. ಸಿಡಿಲಿಗೆ ಸೀಳಿದ ಇನ್ಸುಲೇಟರ್ ಕೆಳಗಿನಿಂದ ನೋಡಿದರೆ ಸರಿಯಾಗಿಯೇ ಕಾಣುತ್ತದೆ. ಅಂಥದ್ದೊಂದು ಇಡೀ ರಾತ್ರಿಯನ್ನು ತಿಂದುಹಾಕುತ್ತದೆ. 2019ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದಾಗ ಎಷ್ಟೋ ಕಂಬಗಳಿಗೆ ಹೋಗುವ ದಾರಿಯೇ ಉಳಿದಿರಲಿಲ್ಲ.

ನಾವೇ ತೆಗೆಯುವುದೂ ಉಂಟು. ತಂತಿ ಹರಿದು ಗದ್ದೆಗೆ ಬಿದ್ದಾಗ, ಇಲ್ಲವೇ ನಮ್ಮವರು ಕಂಬದ ಮೇಲಿರುವಾಗ. ಕಂಬ ಹತ್ತುವ ಮೊದಲು ಸ್ಟೇಷನ್ನಿನಿಂದ 'ಲೈನ್ ಕ್ಲಿಯರ್', ಅಂದರೆ ಲೈನಿನ ಕರೆಂಟ್ ತೆಗೆದಿದೆ ಎಂಬ ಖಾತ್ರಿ, ಪಡೆಯುತ್ತೇವೆ. ಅಲ್ಲಿನ ಪುಸ್ತಕದಲ್ಲಿ ನನ್ನ ಹೆಸರು, ಸಮಯ ಬರೆದುಕೊಳ್ಳುತ್ತಾರೆ. ನಾನು ಇಳಿದು, ಎಲ್ಲರೂ ಇಳಿದಿದ್ದಾರೆ ಎಂದು ಹೇಳುವವರೆಗೆ ಯಾರು ಎಷ್ಟು ಒತ್ತಾಯಿಸಿದರೂ ಲೈನಿಗೆ ಕರೆಂಟ್ ಕೊಡುವಂತಿಲ್ಲ.

ಅಷ್ಟಾದ ಮೇಲೂ ಅಪಾಯ ಹಿಂದಿನಿಂದ ಬರುತ್ತದೆ. ಒಂದು ಜುಲೈ ರಾತ್ರಿ ಲೈನ್ ಕ್ಲಿಯರ್ ಪಡೆದು ಕಂಬದ ಕೆಳಗೆ ನಿಂತಿದ್ದೆವು. ಜೊತೆಯಲ್ಲಿದ್ದವನು ವಿಜಯಪುರ ಕಡೆಯ ಹುಡುಗ, ಮಲೆನಾಡಿನ ಮಳೆ ಅವನಿಗೆ ಅದೇ ಮೊದಲು. ಕ್ರಮದಂತೆ, ತಂತಿಯಲ್ಲಿ ಕರೆಂಟ್ ಇದ್ದರೆ ನೆಲಕ್ಕೆ ಇಳಿಸುವ ಅರ್ಥಿಂಗ್ ರಾಡನ್ನು ತಂತಿಗೆ ತಾಗಿಸಿದೆ. ಟಪ್ ಎಂದು ನೀಲಿ ಕಿಡಿ ಹಾರಿತು. ಅದೇ ಕ್ಷಣ, ಗುಡ್ಡದ ಮೇಲಿನ ಬಂಗಲೆಯಲ್ಲಿ ಅಲ್ಲಿಯವರೆಗೂ ಗುಡುಗುಡು ಎನ್ನುತ್ತಿದ್ದ ಜನರೇಟರ್ ಉಸಿರುಕಟ್ಟಿದಂತೆ ನಿಂತಿತು. ಅಲ್ಲಿ ಚೇಂಜ್‌ಓವರ್ ಸ್ವಿಚ್, ಅಂದರೆ ಜನರೇಟರ್ ಓಡುವಾಗ ಮನೆಯನ್ನು ನಮ್ಮ ಲೈನಿನಿಂದ ಬೇರ್ಪಡಿಸುವ ಸ್ವಿಚ್, ಇರಲಿಲ್ಲ. ಜನರೇಟರಿನ ಕರೆಂಟ್ ತೋಟದ ಟ್ರಾನ್ಸ್‌ಫಾರ್ಮರ್‌ಗೆ ಉಲ್ಟಾ ಹರಿದು, 11 ಸಾವಿರ ವೋಲ್ಟ್ ಆಗಿ ನಮ್ಮ ತಲೆಯ ಮೇಲಿನ ತಂತಿಗೆ ಬಂದಿತ್ತು. ರಾಡು ತಾಗಿಸದೆ ಹತ್ತಿದ್ದರೆ? ಹುಡುಗ ಕಂಬಕ್ಕೆ ಆತುಕೊಂಡು ಸುಮಾರು ಹೊತ್ತು ಮಾತಾಡಲಿಲ್ಲ. ನಾನೂ ಆಡಲಿಲ್ಲ. ಆಮೇಲೆ ಬಂಗಲೆಗೆ ಹೋಗಿ ತೋರಿಸಿದಾಗ ಮನೆಯವರು ಬೆಚ್ಚಿಬಿದ್ದರು. ಹೀಗೂ ಆಗುತ್ತದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಅದಕ್ಕೇ ಸಿಕ್ಕವರಿಗೆಲ್ಲ ಹೇಳುತ್ತೇನೆ: ಜನರೇಟರ್ ಇಟ್ಟುಕೊಂಡವರು ಚೇಂಜ್‌ಓವರ್ ಸ್ವಿಚ್ ಹಾಕಿಸಿ. ಮೆಣಸು ಕೊಯ್ಲಿಗೆ ಅಲ್ಯೂಮಿನಿಯಂ ಏಣಿಯನ್ನು ಲೈನಿನ ಹತ್ತಿರ ಒಯ್ಯಬೇಡಿ, ಆ ಏಣಿಗೆ ಜೀವ ಕೊಟ್ಟ ಕೂಲಿಯವರು ನಮ್ಮ ತೋಟಗಳಲ್ಲಿ ಒಬ್ಬಿಬ್ಬರಲ್ಲ. ಬಿದ್ದ ತಂತಿ ಸತ್ತಿದೆ ಎಂದು ಎಂದೂ ನಂಬಬೇಡಿ.

ಇನ್ನು, ಕರೆಂಟ್ ಹೋದಾಗ ವಿದ್ಯುತ್ ದೂರಿನ ಸಂಖ್ಯೆ 1912ಕ್ಕೋ ನಮಗೋ ಫೋನ್ ಮಾಡಿದರೆ, ಯಾವ ಕಡೆ ಮರ ಬಿದ್ದ ಸದ್ದಾಯಿತು, ಎಲ್ಲಿ ಕಿಡಿ ಕಂಡಿತು ಎಂದು ಮೊದಲು ಹೇಳಿ. ಆ ಒಂದು ಮಾತಿನಿಂದ ಕತ್ತಲಲ್ಲಿ ನಮಗೆ ಎರಡು ಕಿಲೋಮೀಟರ್ ನಡಿಗೆ ಉಳಿಯುತ್ತದೆ, ನಿಮ್ಮ ಮನೆಗೂ ಬೇಗ ಬೆಳಕು ಬರುತ್ತದೆ.